ಬಿಗಿದ ಬೆರಳಿಗೂ ಒಣಗಿದ ಚರ್ಮಕ್ಕೂ ಒದಗಿದ ಲೋಷನ್

ಬೆಳಗ್ಗೆ ಎದ್ದೊಡನೆ ಮುಷ್ಟಿ ಕಟ್ಟಲಾಗದವರಿಗೆ ಲೋಷನ್ನಿನ ಗುಣಾವಗುಣ ಅದರ ಮುಚ್ಚಳದಲ್ಲೇ ಗೊತ್ತಾಗುತ್ತದೆ. ತಿರುಗಿಸಿ ತೆಗೆಯುವ ಡಬ್ಬಿ, ಹಿಂಡಬೇಕಾದ ಟ್ಯೂಬ್, ಉಗುರಿನಿಂದ ಎಬ್ಬಿಸಬೇಕಾದ ಬಿರಡೆ, ಇವ್ಯಾವುವೂ ಕೀಲುಗಳು ಊದಿ ಬಿಗಿಯುವ ರುಮಟಾಯ್ಡ್ ಸಂಧಿವಾತವಿರುವ ನನ್ನಂಥವರ ಕೈಗೆ ಆಗಿಬರುವುದಿಲ್ಲ. ಸೆರಾವೀ ಮಾಯಿಶ್ಚರೈಸಿಂಗ್ ಲೋಷನ್ನಿನ 473 ಮಿಲಿ ಬಾಟಲಿಗೆ ಪಂಪ್ ಇದೆ. ಅದನ್ನು ಮೇಜಿನ ಮೇಲಿಟ್ಟು ಅಂಗೈಯ ಬುಡದಿಂದ ಒತ್ತುತ್ತೇನೆ, ಬೆರಳುಗಳಿಗೆ ಕೆಲಸವೇ ಬೀಳುವುದಿಲ್ಲ. ನಾನು ಇದನ್ನು ಮೆಚ್ಚಲು ಮೊದಲ ಕಾರಣವೇ ಇದು.

ನನ್ನ ಚರ್ಮ ಒಣಗಿ ತೆಳುವಾಗಿರುವುದು ಔಷಧಗಳಿಂದ. ಕೀಲುಗಳನ್ನು ಕಾಯುತ್ತಿರುವುದೂ ಅವೇ, ಹಾಗಾಗಿ ಬಿಡುವ ಮಾತಿಲ್ಲ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ದಿನವೂ ಹೈಡ್ರಾಕ್ಸಿಕ್ಲೋರೋಕ್ವಿನ್, ಜೊತೆಗೆ ಕಡಿಮೆ ಪ್ರಮಾಣದ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್. ಹೈಡ್ರಾಕ್ಸಿಕ್ಲೋರೋಕ್ವಿನ್ ಕೆಲವರಲ್ಲಿ ತುರಿಕೆ ತರುತ್ತದೆ, ಮೊಣಕಾಲಿನ ಕೆಳಗೆ ನೀಲಿ ಬೆರೆತ ಬೂದು ಬಣ್ಣವನ್ನೂ ಮೂಡಿಸಬಹುದು. ನನಗೆ ಎರಡೂ ಬಂದಿವೆ. ಪ್ರೆಡ್ನಿಸೊಲೋನ್ ಬಹುಕಾಲ ತೆಗೆದುಕೊಂಡರೆ ಚರ್ಮ ತೆಳುವಾಗುತ್ತದೆ. ನನ್ನ ಮುಂಗೈ ಈಗ ಈರುಳ್ಳಿಯ ಒಳಸಿಪ್ಪೆಯಂತಿದೆ, ಬಾಗಿಲ ಚಿಲಕ ತಾಗಿದರೂ ನೇರಳೆ ಗುರುತು ಏಳುತ್ತದೆ.

ಇಂಥ ಚರ್ಮವನ್ನು ತಿಕ್ಕಬಾರದು, ಎಳೆಯಬಾರದು. ಗಟ್ಟಿ ಕ್ರೀಮ್ ಹಚ್ಚುವಾಗ ಎಳೆತ ತಪ್ಪುವುದಿಲ್ಲ. ಈ ಲೋಷನ್ ತೆಳ್ಳಗಿದ್ದು, ಅಂಗೈ ಆಡಿಸಿದಷ್ಟಕ್ಕೇ ಹರಡುತ್ತದೆ. ಸ್ನಾನವಾದ ಮೇಲೆ ಟವೆಲಿನಿಂದ ಒತ್ತಿಕೊಂಡು, ಪಸೆ ಆರುವ ಮೊದಲೇ ಹಚ್ಚಿಕೊಳ್ಳುತ್ತೇನೆ. ಚರ್ಮದ ಹೊರಪದರದ ಜೀವಕೋಶಗಳ ನಡುವೆ ಸಹಜವಾಗಿಯೇ ಇರುವ ಸೆರಮೈಡ್ ಎಂಬ ಕೊಬ್ಬು ಇದರಲ್ಲಿದೆ. ಒಳಗಿನ ತೇವ ಆರಿಹೋಗದಂತೆ ತಡೆಯುವುದು ಅದರ ಕೆಲಸ. ಪರಿಮಳ ಸೇರಿಸಿಲ್ಲ, ಕೆರಳಿದ ಚರ್ಮಕ್ಕೆ ಅದು ದೊಡ್ಡ ಉಪಕಾರ. ಸಂಜೆಯ ತುರಿಕೆ ಎಷ್ಟೋ ತಗ್ಗಿದೆ, ಕೆರೆದುಕೊಂಡು ಆಗುತ್ತಿದ್ದ ಗಾಯಗಳು ನಿಂತಿವೆ. ನೇರಳೆ ಗುರುತುಗಳಾಗಲಿ ಬೂದು ಬಣ್ಣವಾಗಲಿ ಬದಲಾಗಿಲ್ಲ. ಯಾವ ಲೋಷನ್ನಿನಿಂದಲೂ ಅದನ್ನು ನಿರೀಕ್ಷಿಸಬಾರದು. ಕಾಲಿನ ತೀರಾ ಒಣಗಿದ ಜಾಗಕ್ಕೆ ರಾತ್ರಿ ಇದರ ಮೇಲೆ ಪೆಟ್ರೋಲಿಯಂ ಜೆಲ್ಲಿಯ ತೆಳುವಾದ ಲೇಪ ಬೇಕಾಗುತ್ತದೆ.

ಬಿಸಿಲಿಗೆ ಇದು ತಡೆಯಲ್ಲ. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರ ಚರ್ಮ ಬಿಸಿಲಿಗೆ ಬೇಗ ಸುಡಬಹುದು, ಆದ್ದರಿಂದ ಸನ್‌ಸ್ಕ್ರೀನ್ ಬೇರೆಯೇ ಬೇಕು. ಲೋಷನ್ ಇಂಗಿದ ಮೇಲೆ ಎಸ್‌ಪಿಎಫ್ (ಬಿಸಿಲು ತಡೆಯುವ ಅಳತೆ) 30ಕ್ಕೆ ಕಡಿಮೆಯಿಲ್ಲದ, ಸತುವಿನ ಆಕ್ಸೈಡ್ (ಜಿಂಕ್ ಆಕ್ಸೈಡ್) ಇರುವ ಸನ್‌ಸ್ಕ್ರೀನ್ ಹಚ್ಚುತ್ತೇನೆ. ಹೊರಗಿದ್ದರೆ 2 ಗಂಟೆಗೊಮ್ಮೆ ಮತ್ತೆ. ಕಂದು ಮೈಬಣ್ಣದವರಿಗೆ ಬೂದಿ ಬಳಿದಂತೆ ಕಾಣದಿರಲು ಕಬ್ಬಿಣದ ಆಕ್ಸೈಡ್ ಬೆರೆಸಿದ, ಬಣ್ಣವಿರುವ ಬಗೆ ಒಳ್ಳೆಯದು. ಅದೂ ಪಂಪ್ ಬಾಟಲಿಯಲ್ಲಿ ಬರಬಾರದೇ ಎಂದು ದಿನವೂ ಅನ್ನಿಸುತ್ತದೆ. ನನ್ನ ಬಳಿ ಇರುವುದು ಟ್ಯೂಬ್, ಮೇಜಿನ ಮೇಲೆ ಮಲಗಿಸಿ ಅಂಗೈಯಿಂದ ಒತ್ತಬೇಕು.

ಔಷಧದಿಂದ ಏಳುವ ದದ್ದಿಗೆ ಈ ಲೋಷನ್ ಮದ್ದಲ್ಲ. ಹೊಸ ದದ್ದಿನ ಜೊತೆ ಜ್ವರ ಬಂದರೆ, ಗುಳ್ಳೆ ಎದ್ದರೆ, ಚರ್ಮ ಸುಲಿದರೆ, ಬಾಯಿ ಅಥವಾ ಕಣ್ಣಿನಲ್ಲಿ ಹುಣ್ಣಾದರೆ ಅದೇ ದಿನ ವೈದ್ಯರ ಬಳಿ ಹೋಗಬೇಕು. ಯಾವ ಔಷಧ ನಿಲ್ಲಿಸಬೇಕೆಂದು ಅವರೇ ಹೇಳಲಿ, ಏಕೆಂದರೆ ಬಹುಕಾಲದಿಂದ ತೆಗೆದುಕೊಳ್ಳುತ್ತಿರುವ ಪ್ರೆಡ್ನಿಸೊಲೋನನ್ನು ಥಟ್ಟನೆ ಬಿಡುವುದು ಅಪಾಯ.