ಫ್ರಾನ್ಸ್‌ನಲ್ಲಿ ಒಂದು ಸೆಮಿಸ್ಟರ್: ಬಾಡಿಗೆ ಅಡ್ವಾನ್ಸ್ ಕಳಿಸುವ ಮೊದಲು ಇದನ್ನು ಓದಿ

ಅಮೆರಿಕದ ಕಾಲೇಜಿನಲ್ಲಿ ಓದುವ ಮಗನೋ ಮಗಳೋ ಒಂದು ಸೆಮಿಸ್ಟರ್‌ಗೆ ಫ್ರಾನ್ಸ್‌ಗೆ ಹೊರಟಿದ್ದರೆ ಮನೆಯಲ್ಲಿ ಬೆಳಗಾದರೆ ವೀಸಾದ್ದೇ ಮಾತು. ವೀಸಾ ಹೇಗೋ ಆಗುತ್ತದೆ. ದುಡ್ಡು ಕೈ ಬಿಡುವುದು ಬಾಡಿಗೆ ಮನೆಯಲ್ಲಿ. ಲಿಯೋಂ ನಗರದಲ್ಲಿ ನಮ್ಮ ಮಗಳ 1,360 ಯೂರೋ ಹಾಗೆ ಸಿಕ್ಕಿಕೊಂಡಿತು. ಅರ್ಧ ಬಂತು, ಅರ್ಧ ಇನ್ನೂ ಅಲ್ಲೇ ಇದೆ. ನ್ಯೂಜೆರ್ಸಿಯ ನಮ್ಮ ಗೆಳತಿಯರ ಮಕ್ಕಳು ಒಬ್ಬೊಬ್ಬರಾಗಿ ಇದೇ ದಾರಿಯಲ್ಲಿ ಹೊರಟಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ತೊಂದರೆ ಶುರುವಾಗುವುದು ವೀಸಾ ಫೈಲ್‌ನಿಂದಲೇ. ಅಮೆರಿಕನ್ ಪಾಸ್‌ಪೋರ್ಟ್ ಇದ್ದರೆ 90 ದಿನದವರೆಗೆ ವೀಸಾ ಬೇಡ. ಸೆಮಿಸ್ಟರ್ ಅದಕ್ಕಿಂತ ಉದ್ದ, ಹಾಗಾಗಿ ಸ್ಟೂಡೆಂಟ್ ವೀಸಾ ಬೇಕೇ ಬೇಕು. ಮೊದಲು ವಿದೇಶಿ ವಿದ್ಯಾರ್ಥಿಗಳಿಗಾಗಿ ಇರುವ ಫ್ರೆಂಚ್ ಸರ್ಕಾರಿ ಸಂಸ್ಥೆ ಕ್ಯಾಂಪಸ್ ಫ್ರಾನ್ಸ್‌ನಲ್ಲಿ ಅರ್ಜಿ, ಆಮೇಲೆ ವೀಸಾ ಕಾಗದಪತ್ರ ತೆಗೆದುಕೊಳ್ಳುವ ವಿಎಫ್‌ಎಸ್ ಸೆಂಟರ್‌ನಲ್ಲಿ ಅಪಾಯಿಂಟ್‌ಮೆಂಟ್. ಫ್ರಾನ್ಸ್‌ಗೆ ಹೋಗಿ ಎಲ್ಲಿ ಇರುತ್ತೀರಿ ಅನ್ನುವುದಕ್ಕೆ ಪುರಾವೆ ಕೊಡಬೇಕು. ಅಂದರೆ ಕಣ್ಣಲ್ಲಿ ನೋಡದ ಮನೆಯನ್ನು ಇಲ್ಲೇ ಕೂತು ಒಪ್ಪಿಕೊಳ್ಳಬೇಕು. ಈ ಅವಸರ ಅಲ್ಲಿನ ಕೆಲವು ಓನರ್‌ಗಳಿಗೂ ಏಜೆಂಟರಿಗೂ ಚೆನ್ನಾಗಿ ಗೊತ್ತು. ಅವರ ಲೆಕ್ಕ ಒಂದೇ. ಈ ಹುಡುಗಿ ಜನವರಿಯಲ್ಲಿ ಗಾಬರಿಯಲ್ಲಿರುತ್ತಾಳೆ, ಜೂನ್‌ನಲ್ಲಿ ವಿಮಾನ ಹತ್ತುತ್ತಾಳೆ.

ಮಗಳ ಪ್ರೋಗ್ರಾಂನವರು ಕೊಡುವ ಹೋಮ್‌ಸ್ಟೇ ತುಂಬಿಹೋಗಿತ್ತು. ಅವಳಿಗೆ ಸಿಕ್ಕಿದ್ದು ಗಿಯೋತಿಯೇರ್ ಕಡೆ ಒಂದು ಸಣ್ಣ ಸ್ಟುಡಿಯೋ. ಫೋಟೋದಲ್ಲಿ ಚೆನ್ನಾಗಿತ್ತು, ನಿಜದಲ್ಲೂ ಕೆಟ್ಟದಾಗೇನೂ ಇರಲಿಲ್ಲ. ಹತ್ತಿರದಲ್ಲೇ ಬೇಳೆ, ಕೊತ್ತಂಬರಿ ಸಿಗುವ ಅಂಗಡಿಗಳಿದ್ದವು. ತಿಂಗಳಿಗೆ 680 ಯೂರೋ. ಕರಾರಿಗೆ ಸಹಿ ಹಾಕುವ ಮೊದಲೇ 'ರಿಸರ್ವೇಶನ್' ಅಂತ 300 ಕೇಳಿದರು. ಸಹಿ ಆದ ಮೇಲೆ ಅದನ್ನೂ ಸೇರಿಸಿಕೊಂಡು ಎರಡು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಅಂದರು. ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಎಣಿಸಿಕೊಟ್ಟ ಜನ ನಾವು. ನಮ್ಮವರು "ಎರಡೇ ತಿಂಗಳಾ? ಪರವಾಗಿಲ್ಲ ಬಿಡು" ಅಂದರು.

ಈಗ ಕಾನೂನು ಏನು ಹೇಳುತ್ತದೆ ಕೇಳಿ. ಮನೆ ಕಾಯ್ದಿರಿಸಲು ಅಂತ ಕರಾರಿಗೆ ಮೊದಲೇ ಹಣ ಕೇಳುವಂತಿಲ್ಲ. ಇದು ಒಂದು. ಎರಡನೆಯದು ಇನ್ನೂ ದೊಡ್ಡದು. ಫ್ರಾನ್ಸ್‌ನಲ್ಲಿ 2018ರ ಕಾನೂನಿನಿಂದ 'ಬೈ ಮೊಬಿಲಿತೆ' ಅನ್ನುವ ಕರಾರು ಬಂದಿದೆ. ಒಂದರಿಂದ ಹತ್ತು ತಿಂಗಳಿಗೆ, ಫರ್ನಿಚರ್ ಸಮೇತ ಕೊಡುವ ಮನೆಗೆ, ವಿದ್ಯಾರ್ಥಿಗಳಂಥವರಿಗೆ ಅಂತಲೇ ಮಾಡಿದ್ದು. ಈ ಕರಾರಿನಲ್ಲಿ ಓನರ್ ಅಡ್ವಾನ್ಸ್ ಕೇಳುವಂತೆಯೇ ಇಲ್ಲ. ಕಡಿಮೆ ಕೇಳಬೇಕು ಅಂತಲ್ಲ, ಒಂದು ಯೂರೋ ಕೂಡ ಕೇಳುವಂತಿಲ್ಲ. ಮಗಳ ಕರಾರಿನ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬೈ ಮೊಬಿಲಿತೆ ಅಂತ ಇತ್ತು. ನಾಲ್ಕನೇ ಪುಟದಲ್ಲಿ 1,360 ಯೂರೋ ಅಡ್ವಾನ್ಸ್ ಅಂತಲೂ ಇತ್ತು! ಎರಡೂ ಒಂದೇ ಕಾಗದದಲ್ಲಿ, ಕೆಳಗೆ ಏಜೆನ್ಸಿಯ ಸೀಲು ಬೇರೆ.

ಬೇರೆ ಥರದ ಕರಾರೂ ಇವೆ. ಫರ್ನಿಚರ್ ಇರುವ ಮನೆಗೆ ವಿದ್ಯಾರ್ಥಿಗಳಿಗೆ ಒಂಬತ್ತು ತಿಂಗಳ ಕರಾರು ಕೊಡುತ್ತಾರೆ. ಅದರಲ್ಲಿ ಎರಡು ತಿಂಗಳ ಬಾಡಿಗೆಯವರೆಗೆ ಅಡ್ವಾನ್ಸ್ ಕೇಳಬಹುದು. ಮನೆ ಇದ್ದ ಹಾಗೇ ಇದ್ದರೆ ಕೀ ಕೊಟ್ಟ ಒಂದು ತಿಂಗಳಲ್ಲಿ ವಾಪಸ್ ಕೊಡಬೇಕು, ಏನಾದರೂ ಹಾಳಾಗಿದ್ದರೆ ಎರಡು ತಿಂಗಳು. ತಡವಾದರೆ ಪ್ರತಿ ತಿಂಗಳಿಗೂ ಬಾಡಿಗೆಯ ಶೇ. 10ರಷ್ಟು ದಂಡ ಕೂಡುತ್ತಾ ಹೋಗುತ್ತದೆ. ಆದರೆ ಹೋಗುವಾಗ ಹೊಸ ವಿಳಾಸ ಕೊಟ್ಟಿರಬೇಕು, ಇಲ್ಲದಿದ್ದರೆ ಆ ದಂಡ ಕೇಳುವ ಹಾಗಿಲ್ಲ. ಅಮೆರಿಕದ ವಿಳಾಸವನ್ನೇ ಬರೆದುಕೊಡಿ, ಸಾಕು. ಇನ್ನು ಕೆಲವರು 'ಸೀಸನಲ್ ಬಾಡಿಗೆ' ಅಂತ ಕಾಗದ ಹಿಡಿಸುತ್ತಾರೆ. ಅದು ರಜಕ್ಕೆ ಬರುವವರಿಗೆ, 90 ದಿನದ ಒಳಗಿನದು. ಸೆಮಿಸ್ಟರ್‌ಗೆ ಅಂಥದ್ದು ಕೊಟ್ಟರೆ ಬೇಡ ಅನ್ನಿ.

ಜಾಮೀನು ಕೇಳಿದರೆ ಗಾಬರಿ ಬೇಡ. ಫ್ರಾನ್ಸ್‌ನಲ್ಲಿ ನಮಗ್ಯಾರು ಜಾಮೀನು ನಿಲ್ಲುತ್ತಾರೆ, ಅಲ್ವಾ? ಅದಕ್ಕೆ 'ವಿಸಾಲ್' ಅಂತ ಒಂದು ವ್ಯವಸ್ಥೆ ಇದೆ. 18ರಿಂದ 30 ವರ್ಷದವರಿಗೆ ಉಚಿತ. ಕರಾರಿಗೆ ಸಹಿ ಹಾಕುವ ಮೊದಲೇ ಮಾಡಿಸಿಕೊಳ್ಳಬೇಕು. ಇದನ್ನು ಬಿಟ್ಟು ದುಡ್ಡು ತೆಗೆದುಕೊಂಡು ಜಾಮೀನು ಕೊಡುವ ಕಂಪನಿಗಳನ್ನೇ ಏಜೆಂಟರು ಮೊದಲು ತೋರಿಸುತ್ತಾರೆ. ಯಾಕೆ ಅಂತ ನೀವೇ ಊಹಿಸಿ.

ಜೂನ್‌ನಲ್ಲಿ ಮನೆ ಬಿಡುವ ದಿನ ನಾನು ಅಲ್ಲೇ ಇದ್ದೆ. ಒಳಗೆ ಬರುವಾಗ ಒಂದು, ಬಿಡುವಾಗ ಒಂದು, ಮನೆ ಹೇಗಿದೆ ಅಂತ ಬರೆಯುವ ಪಟ್ಟಿ ಅಲ್ಲಿ ಕಡ್ಡಾಯ. 'ಎತಾ ದೆ ಲಿಯೂ' ಅನ್ನುತ್ತಾರೆ. ಏಜೆನ್ಸಿಯಿಂದ ಬಂದ ಹುಡುಗ ಕೈಯಲ್ಲಿ ಟ್ಯಾಬ್ಲೆಟ್ ಹಿಡಿದು ಚಮಚ ಎಣಿಸಿದ. ಶವರ್‌ನ ಗಾಜಿನ ಮೇಲೆ ಸುಣ್ಣದ ಕಲೆ ಇತ್ತು, ಅದರ ಫೋಟೋ ತೆಗೆದ. ಒಲೆಯ ಗಾಜಿನ ಮೇಲೆ ಬೆರಳಾಡಿಸಿ ಒಂದು ಕೂದಲೆಳೆಯಷ್ಟು ಗೀರು ಹುಡುಕಿದ. ಆಮೇಲೆ ಗೋಡೆಗೆ ಮೂಗು ಹತ್ತಿರ ತಂದು ಏನೋ ಟೈಪ್ ಮಾಡಿದ. ಏನು ಬರೆದ ಅಂತ ಮಗಳನ್ನು ಕೇಳಿದೆ. "ಅಮ್ಮಾ, ಗೋಡೆಗೆ ಮಸಾಲೆ ವಾಸನೆ ಹಿಡಿದಿದೆಯಂತೆ" ಅಂದಳು. ನನ್ನ ಮಗಳು ಅಲ್ಲಿದ್ದಷ್ಟು ದಿನ ಪಾಸ್ತಾ, ಬ್ರೆಡ್ಡು, ಮೊಟ್ಟೆ ತಿಂದುಕೊಂಡಿದ್ದವಳು. ಒಗ್ಗರಣೆ ಹಾಕಲು ಅವಳಿಗೆ ಬರುವುದೇ ಇಲ್ಲ! ಆ ವಾಕ್ಯ ತೆಗೆಯುವವರೆಗೆ ಸಹಿ ಹಾಕಲ್ಲ ಅಂದಳು. ಅವನು ಗೊಣಗಿಕೊಂಡು ತೆಗೆದ.

ತೆಗೆದರೂ ಆಗಸ್ಟ್‌ನಲ್ಲಿ ಬಂದ ಇಮೇಲ್‌ನಲ್ಲಿ ಅದು ಮತ್ತೆ ಹಾಜರ್. ಪೇಂಟಿಂಗ್ 720, ಒಲೆ 390, ಕ್ಲೀನಿಂಗ್ 180, ಸಣ್ಣಪುಟ್ಟದು 70. ಕೂಡಿಸಿದರೆ ಸರಿಯಾಗಿ 1,360. ಒಂದು ರಸೀದಿಯೂ ಇಲ್ಲ, ಕೊಟೇಶನ್ನೂ ಇಲ್ಲ. ಬೆಂಗಳೂರಲ್ಲಿ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಂಡರೆ ನಾವು ತುಟಿ ಪಿಟಕ್ ಅನ್ನಲ್ಲ. ಫ್ರಾನ್ಸ್‌ನಲ್ಲಿ ಹಾಗಲ್ಲ. ದಿನನಿತ್ಯದ ಬಳಕೆಯಿಂದ ಆಗುವ ಸವೆತಕ್ಕೆ ಬಾಡಿಗೆದಾರರು ದುಡ್ಡು ಕೊಡಬೇಕಾಗಿಲ್ಲ. ಹಾಳು ಮಾಡಿದ್ದಾರೆ ಅನ್ನುವುದಾದರೆ ಓನರ್ ಕಾಗದ ತೋರಿಸಬೇಕು.

ಅಲ್ಲಿನ ಅವಳ ಕ್ಲಾಸ್‌ಮೇಟ್ ಒಬ್ಬಳು 'ಅದಿಲ್' ಬಗ್ಗೆ ಹೇಳಿದಳು. ಮನೆ ಬಾಡಿಗೆ ವಿಷಯದಲ್ಲಿ ಪುಕ್ಕಟೆ ಸಲಹೆ ಕೊಡುವ ಸಂಸ್ಥೆ, ಹೆಚ್ಚುಕಮ್ಮಿ ಎಲ್ಲ ಜಿಲ್ಲೆಗಳಲ್ಲೂ ಇದೆ. ಅವರು ಕರಾರು ನೋಡಿದವರೇ ಕೇಳಿದ್ದು ಒಂದೇ ಪ್ರಶ್ನೆ: "ಬೈ ಮೊಬಿಲಿತೆಗೆ ಅಡ್ವಾನ್ಸ್ ಯಾಕೆ ಕೊಟ್ಟಿರಿ?" ನಮಗೆ ಈ ಕಾನೂನಿನ ಸುದ್ದಿ ಗೊತ್ತಾಗಿದ್ದೇ ಆಗ. ಮಗಳು ರಿಜಿಸ್ಟರ್ಡ್ ಪತ್ರ ಕಳಿಸಿದಳು. ಇದಕ್ಕೆ ಫ್ರಾನ್ಸ್‌ಗೆ ಹೋಗಬೇಕಿಲ್ಲ. ಅಲ್ಲಿನ ಅಂಚೆ ಸಂಸ್ಥೆ ಲಾ ಪೋಸ್ಟ್‌ನವರ ವೆಬ್‌ಸೈಟ್‌ನಲ್ಲಿ ಬರೆದು ದುಡ್ಡು ಕಟ್ಟಿದರೆ ಅವರೇ ಪ್ರಿಂಟ್ ಮಾಡಿ ತಲುಪಿಸುತ್ತಾರೆ. ಇಮೇಲ್‌ಗಳಿಗೆಲ್ಲ ಸುಮ್ಮನಿದ್ದ ಏಜೆನ್ಸಿ ಈ ಪತ್ರಕ್ಕೆ ಉತ್ತರ ಕೊಟ್ಟಿತು. 'ಸೌಹಾರ್ದದಿಂದ' 680 ವಾಪಸ್ ಕೊಡುತ್ತೇವೆ, ಆದರೆ ಫ್ರೆಂಚ್ ಬ್ಯಾಂಕ್ ಅಕೌಂಟ್‌ಗೆ ಮಾತ್ರ ಅಂತ.

ಪುಣ್ಯಕ್ಕೆ ಅವಳ ಅಕೌಂಟ್ ಇನ್ನೂ ತೆರೆದೇ ಇತ್ತು. ಜೊತೆಯವರು ಬಹಳ ಜನ ಹೊರಡುವ ವಾರದಲ್ಲೇ ಮುಚ್ಚಿಸಿದ್ದರು. ಮುಚ್ಚಿಸಿದರೆ ಮತ್ತೆ ತೆರೆಯುವುದು ಸುಲಭವಲ್ಲ. 2010ರಲ್ಲಿ ಬಂದ ಅಮೆರಿಕದ ಫ್ಯಾಟ್ಕಾ ಕಾನೂನಿನಿಂದಾಗಿ ಅಮೆರಿಕನ್ನರ ಅಕೌಂಟ್ ವಿವರವನ್ನೆಲ್ಲ ವರದಿ ಮಾಡಬೇಕು ಅಂತ ಅಲ್ಲಿನ ಬ್ಯಾಂಕ್‌ಗಳು ಹಿಂಜರಿಯುತ್ತವೆ. ಅಡ್ವಾನ್ಸ್ ಕೈಗೆ ಬರುವವರೆಗೆ ಅಕೌಂಟ್ ಮುಚ್ಚಿಸಬೇಡಿ.

ಹೊರಡುವವರಿಗೆ ಇನ್ನೊಂದು ಮಾತು. ಒಳಗೆ ಬಂದ ದಿನದ ಪಟ್ಟಿಯಲ್ಲಿ ಏನಾದರೂ ಬಿಟ್ಟುಹೋಗಿದ್ದರೆ ಹತ್ತು ದಿನದೊಳಗೆ ಸೇರಿಸಿ ಅಂತ ಬರಹದಲ್ಲಿ ಕೇಳಬಹುದು. ಮಕ್ಕಳು ಜೆಟ್‌ಲ್ಯಾಗ್‌ನಲ್ಲಿ ಎಲ್ಲದಕ್ಕೂ 'ಓಕೆ' ಅಂದಿರುತ್ತಾರೆ. ಮಾರನೇ ದಿನ ಒಲೆ, ಶವರ್, ಹಾಸಿಗೆ, ಕಿಟಕಿ, ಒಂದೊಂದನ್ನೂ ಹತ್ತಿರದಿಂದ ವಿಡಿಯೋ ಮಾಡಿ ಏಜೆನ್ಸಿಗೆ ಇಮೇಲ್ ಮಾಡಲು ಹೇಳಿ. ಮನೆ ತೀರಾ ಚಿಕ್ಕದು ಅನಿಸಿದರೆ ಟೇಪ್ ಹಿಡಿದು ಅಳೆಯಲಿ. ಸಾಮಾನ್ಯವಾಗಿ 9 ಚದರ ಮೀಟರ್‌ಗಿಂತ ಸಣ್ಣ ಕೋಣೆಯನ್ನು ಮನೆ ಅಂತ ಬಾಡಿಗೆಗೆ ಕೊಡುವಂತಿಲ್ಲ. ಪ್ಯಾರಿಸ್‌ನಲ್ಲೂ ಲಿಯೋಂನಲ್ಲೂ ಬಾಡಿಗೆಗೆ ಸರ್ಕಾರದ ಮಿತಿ ಇದೆ, ಅದನ್ನೂ ನೋಡಿಕೊಳ್ಳಲಿ.

ಉಳಿದ 680 ಯೂರೋ ಇನ್ನೂ ಬಂದಿಲ್ಲ. 5,000 ಯೂರೋ ಒಳಗಿನ ತಕರಾರಾದರೆ ಕೋರ್ಟಿಗೆ ಮೊದಲು ರಾಜಿ ಪ್ರಯತ್ನ ಆಗಿರಬೇಕು. ಅದನ್ನು ಉಚಿತವಾಗಿ ಮಾಡಿಸುವವರು ಇದ್ದಾರೆ, ಆದರೆ ನ್ಯೂಜೆರ್ಸಿಯಲ್ಲಿ ಕೂತು ಅದನ್ನೆಲ್ಲ ನಡೆಸುವುದು ಕಷ್ಟ. ಬಾಡಿಗೆ ಕರಾರಿನ ತಕರಾರಿಗೆ ಮೂರು ವರ್ಷದ ಅವಧಿ ಇದೆ. ಮಗಳು ಮಾಸ್ಟರ್ಸ್‌ಗೆ ಮತ್ತೆ ಲಿಯೋಂಗೇ ಹೋಗುತ್ತೇನೆ ಅನ್ನುತ್ತಿದ್ದಾಳೆ. ಹೋದರೆ ಮೊದಲ ವಾರದಲ್ಲೇ ರಾಜಿಗೆ ಅರ್ಜಿ ಹಾಕುತ್ತಾಳಂತೆ, ಪತ್ರ ಈಗಲೇ ಬರೆದಿಟ್ಟಿದ್ದಾಳೆ.