ಅಡಿಕೆ ತೋಟದಲ್ಲಿ ಸೆನ್ಸರ್ ನೋಡ್‌ಗಳ ಸ್ಥಾನ ಗುರುತಿಸುವುದು: ಮೂರು ವಿಧಾನಗಳ ಹೋಲಿಕೆ

ಮಣ್ಣಿನ ತೇವಾಂಶ ಅಳೆಯುವ ನೋಡ್ ಎಷ್ಟೇ ನಿಖರವಾದ ಅಂಕಿ ಕಳುಹಿಸಿದರೂ, ಅದು ಯಾವ ಮರದ ಬುಡದಿಂದ ಬಂತೆಂದು ತಿಳಿಯದಿದ್ದರೆ ತೋಟಕ್ಕೆ ನೀರು ಬಿಡುವವರಿಗೆ ಪ್ರಯೋಜನವಿಲ್ಲ. ನಮ್ಮ ಅಡಿಕೆ ತೋಟದಲ್ಲಿ ಮರದಿಂದ ಮರಕ್ಕೆ 9 ಅಡಿ, ಅಂದರೆ ಸುಮಾರು 2.7 ಮೀಟರ್ ಅಂತರವಿದೆ. ದಟ್ಟವಾದ ಸೋಗೆಗಳ ಕೆಳಗೆ ಸಾಮಾನ್ಯ ಜಿಪಿಎಸ್ ಅದಕ್ಕಿಂತ ಹೆಚ್ಚು ತಪ್ಪುತ್ತಿದ್ದುದರಿಂದ ಅದನ್ನು ಬಿಟ್ಟು ಬೇರೆ ಮೂರು ವಿಧಾನಗಳನ್ನು ಪರೀಕ್ಷಿಸಿದೆ. ಸಾಲು ಹಿಡಿದು ನೆಟ್ಟ ತೋಟವಾದ್ದರಿಂದ ನೋಡ್‌ನ ನಿಜವಾದ ಸ್ಥಾನವನ್ನು ಮರಗಳನ್ನು ಎಣಿಸಿಯೇ ತಾಳೆ ನೋಡಬಹುದಿತ್ತು.

ಮೊದಲನೆಯದು ಸಿಗ್ನಲ್ ಬಲದಿಂದ ದೂರ ಲೆಕ್ಕ ಹಾಕುವ ವಿಧಾನ. ನೋಡ್‌ನಲ್ಲಿರುವ ರೇಡಿಯೊವೇ ಸಾಕಾಗುವುದರಿಂದ ಹೆಚ್ಚಿನ ಖರ್ಚಿಲ್ಲ. ಆದರೆ ಅಡೆತಡೆಯಿಲ್ಲದ ಜಾಗದಲ್ಲಿ ದೂರ ಇಮ್ಮಡಿಯಾದಾಗ ಸಿಗ್ನಲ್ 6 ಡೆಸಿಬಲ್ ಕುಗ್ಗುತ್ತದೆ ಎಂಬ ನಿಯಮವನ್ನೇ ನೆಚ್ಚಿಕೊಂಡರೆ, ಎಲೆಯ ತೇವದಿಂದ ಅಷ್ಟೇ ಕುಗ್ಗಿದ ಸಿಗ್ನಲ್ಲೂ ಇಮ್ಮಡಿ ದೂರವನ್ನೇ ಹೇಳುತ್ತದೆ. ನಮ್ಮ ಮರಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಮಧ್ಯಾಹ್ನ ಸರಿಯಾದ ಜಾಗದಲ್ಲಿ ಕಂಡ ಒಂದು ನೋಡ್, ಸಂಜೆಯ ಮಳೆಗೆ ಆ ಬಳ್ಳಿಗಳು ತೊಯ್ದ ಮೇಲೆ, ಇದ್ದಲ್ಲಿಂದ ಕದಲದೆಯೇ ನಕ್ಷೆಯಲ್ಲಿ ಮೂರು ಮರಗಳಾಚೆ ಹೋಗಿ ಕೂತಿತ್ತು. ಆಂಟೆನಾವನ್ನು ತುಸು ತಿರುಗಿಸಿದರೂ ಅಂಕಿ ಬದಲಾಗುತ್ತಿತ್ತು.

ಎರಡನೆಯದು ಡಿವಿ-ಹಾಪ್. ರಟ್ಗರ್ಸ್ ವಿಶ್ವವಿದ್ಯಾಲಯದ ನಿಕುಲೆಸ್ಕು ಮತ್ತು ನಾಥ್ 2001ರಲ್ಲಿ ಮಂಡಿಸಿದ ಈ ವಿಧಾನದಲ್ಲಿ, ಸ್ಥಾನ ಗೊತ್ತಿರುವ ಆಂಕರ್ ನೋಡ್‌ಗಳು ತಮ್ಮ ನಡುವಿನ ದೂರವನ್ನು ಸಂದೇಶ ದಾಟಿಬಂದ ಹಾಪ್‌ಗಳಿಂದ (ಒಂದು ನೋಡ್‌ನಿಂದ ಮುಂದಿನ ನೋಡ್‌ಗೆ ಸಂದೇಶ ಹಾರುವ ಒಂದೊಂದು ಹೆಜ್ಜೆಯೇ ಹಾಪ್) ಭಾಗಿಸಿ ಒಂದು ಹಾಪ್‌ನ ಸರಾಸರಿ ಉದ್ದವನ್ನು ಕಂಡುಕೊಳ್ಳುತ್ತವೆ. ಉಳಿದ ನೋಡ್‌ಗಳು ಅದನ್ನು ತಮ್ಮ ಹಾಪ್‌ಗಳ ಸಂಖ್ಯೆಯಿಂದ ಗುಣಿಸಿಕೊಳ್ಳುತ್ತವೆ. ನೋಡ್‌ಗಳು ಸಮವಾಗಿ ಹರಡಿದ್ದ ಮೇಲಿನ ಭಾಗದಲ್ಲಿ ಇದು ಮಳೆಯಲ್ಲೂ ಹೆಚ್ಚು ಕದಲಲಿಲ್ಲ. ಹಳ್ಳದ ಗುಂಟ ತೋಟ ಬಾಗಿರುವಲ್ಲಿ ಮಾತ್ರ ಸಂದೇಶವೂ ಬಳಸಿಕೊಂಡು ಬರುವುದರಿಂದ, ಹಳ್ಳದ ಆಚೆ ದಡದ ನೋಡ್ ಇರುವುದಕ್ಕಿಂತ ಬಹಳ ದೂರ ಕಂಡಿತು. ಯಾವ ಮರ ಎಂಬುದನ್ನಲ್ಲ, ತೋಟದ ಯಾವ ಭಾಗ ಎಂಬುದನ್ನಷ್ಟೇ ತಿಳಿಯಲು ಇದು ಸಾಕು.

ಮೂರನೆಯದಾದ ಅಲ್ಟ್ರಾ ವೈಡ್‌ಬ್ಯಾಂಡ್ ರೇಡಿಯೊ, ನೋಡ್ ಮತ್ತು ಆಂಕರ್ ನಡುವೆ ಸಂದೇಶ ಹೋಗಿ ಬರುವ ಸಮಯವನ್ನೇ ಅಳೆದು ದೂರ ತಿಳಿಯುತ್ತದೆ. ರೇಡಿಯೊ ಅಲೆ ಒಂದು ನ್ಯಾನೋಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್ ಸಾಗುವುದರಿಂದ ಚಿಪ್‌ನ ಗಡಿಯಾರ ಅತಿ ಸೂಕ್ಷ್ಮವಾಗಿರಬೇಕು. ನೇರ ನೋಟವಿದ್ದಲ್ಲಿ ಇದು ಪ್ರತಿ ಬಾರಿಯೂ ಸರಿಯಾದ ಮರವನ್ನೇ ತೋರಿಸಿತು. ಕಾಂಡ ಅಡ್ಡ ಬಂದಾಗ ತಪ್ಪಿತಾದರೂ, ಅಲೆ ತಡವಾಗಿ ತಲುಪುವುದರಿಂದ ಆ ತಪ್ಪು ಬಹುತೇಕ ದೂರ ಹೆಚ್ಚಾಗುವ ಕಡೆಗೇ ಇರುತ್ತದೆ. ಹೀಗಾಗಿ ನಾಲ್ಕನೆಯ ಆಂಕರ್ ಇಟ್ಟು, ಉಳಿದವಕ್ಕೆ ಹೊಂದದ ಅಳತೆಯನ್ನು ಕೈಬಿಡಲು ಸಾಧ್ಯವಾಯಿತು.

ಇಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಲೇಬೇಕು. ಅನುಕೂಲಕ್ಕೆಂದು ಮೊದಲು ಮೂರೂ ಆಂಕರ್‌ಗಳನ್ನು ತೋಟದ ನಡುವಿನ ಕಾಲುದಾರಿಯ ಗುಂಟವೇ ನಿಲ್ಲಿಸಿದ್ದೆ. ಒಂದೇ ಗೆರೆಯ ಮೇಲಿನ ಆಂಕರ್‌ಗಳಿಗೆ ದಾರಿಯ ಎಡ ಬಲಗಳ ವ್ಯತ್ಯಾಸ ತಿಳಿಯುವುದಿಲ್ಲ. ಬಲಗಡೆಯ ನೋಡ್‌ಗಳಲ್ಲಿ ಕೆಲವು ಅಷ್ಟೇ ದೂರದಲ್ಲಿ ಎಡಗಡೆ ಮೂಡಿದವು. ಒಂದು ಆಂಕರನ್ನು ಬೇಲಿಯ ಹತ್ತಿರಕ್ಕೆ ಒಯ್ದೊಡನೆ ಎಲ್ಲವೂ ಸರಿಯಾದವು. ಆಂಕರ್‌ಗಳ ಜಾಗ ಕೆಟ್ಟರೆ ಯಾವ ದುಬಾರಿ ಚಿಪ್ಪೂ ಅದನ್ನು ಸರಿಪಡಿಸಲಾರದು.

ಅಲ್ಟ್ರಾ ವೈಡ್‌ಬ್ಯಾಂಡಿನ ದೊಡ್ಡ ಕೊರತೆ ಬ್ಯಾಟರಿಯದು. ನಾನು ಬಳಸಿದ ಡಿಡಬ್ಲ್ಯೂ1000 ಚಿಪ್ ಆಲಿಸುವಾಗ 100 ಮಿಲಿಆಂಪಿಯರ್‌ಗೂ ಹೆಚ್ಚು ವಿದ್ಯುತ್ ಎಳೆಯುತ್ತದೆ. ಆದರೆ ಮರದ ಬುಡದಲ್ಲಿ ಹೂತ ನೋಡ್ ಓಡಾಡುವುದಿಲ್ಲ. ಆದ್ದರಿಂದ ಈಗ ಪ್ರತಿ ನೋಡ್‌ಗೂ ಆ ಚಿಪ್ ಕೂರಿಸುವ ಬದಲು, ಆ ಚಿಪ್ ಇರುವ, ಕೈಯಲ್ಲಿ ಹಿಡಿಯುವ ಒಂದೇ ಟ್ಯಾಗನ್ನು ನೋಡ್ ನೆಡುವ ಹೊತ್ತಿಗೆ ಅದರ ಪಕ್ಕದಲ್ಲಿಟ್ಟು ಸ್ಥಾನ ಬರೆದುಕೊಳ್ಳುತ್ತೇನೆ. ನೋಡ್ ಕಿತ್ತು ಬೇರೆಡೆ ನೆಟ್ಟರೆ ಮಾತ್ರ ಮತ್ತೆ ಅಳೆಯುತ್ತೇನೆ.