ಹಳೆಯ ವಿಳಾಸಕ್ಕೆ ಹೋದ ದಂಡ, ಹೊಸ ಮನೆಯ ಬಾಗಿಲಿಗೆ ಬಂದ ಬೇಲಿಫ್

2019ರ ಅಕ್ಟೋಬರ್ ತಿಂಗಳ ಒಂದು ಬೆಳಿಗ್ಗೆ, ಆರೂ ಮುಕ್ಕಾಲರ ಹೊತ್ತಿಗೆ, ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ನಮ್ಮ ಬಾಡಿಗೆ ಮನೆಯ ಬಾಗಿಲು ತಟ್ಟಿದ ಸದ್ದಾಯಿತು. ಫಿಲ್ಟರಿನಲ್ಲಿ ಡಿಕಾಕ್ಷನ್ ಇನ್ನೂ ಇಳಿಯುತ್ತಿತ್ತು. ಹೊರಗೆ ನಿಂತಿದ್ದವರ ಎದೆಯ ಮೇಲಿನ ಕ್ಯಾಮೆರಾದಲ್ಲಿ ಸಣ್ಣ ಕೆಂಪು ದೀಪ ಮಿನುಗುತ್ತಿತ್ತು. ಅವರ ಹಿಂದೆ, ರಸ್ತೆ ಬದಿಗೆ ನಿಲ್ಲಿಸಿದ್ದ ನನ್ನ ಕಾರಿನ ಮುಂದಿನ ಚಕ್ರಕ್ಕೆ ಆಗಲೇ ಹಳದಿ ಕ್ಲ್ಯಾಂಪ್ ಬಿದ್ದಿತ್ತು. ನನ್ನ ಹೆಸರಿನಲ್ಲಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ದಂಡವೊಂದು ಬಾಕಿಯಿದೆಯೆಂದೂ, ಶುಲ್ಕಗಳೂ ಸೇರಿ 1,126 ಪೌಂಡ್ ಕಟ್ಟದಿದ್ದರೆ ಕಾರನ್ನು ಎತ್ತಿಕೊಂಡು ಹೋಗುವುದಾಗಿಯೂ ಅವರು ತಿಳಿಸಿದರು. ಊರಿನಲ್ಲಿ ಕೋರ್ಟಿನ ಅಮೀನರು ಜಪ್ತಿಗೆ ಬರುವುದನ್ನು ಕಂಡವರಿಗೆ ಈ ಕೆಲಸ ಹೊಸದಲ್ಲ. ಆದರೆ ಅಮೀನರು ಕೋರ್ಟಿನ ನೌಕರರು. ಇಲ್ಲಿ ವಸೂಲಿಗೆ ಬಂದ, ಬೇಲಿಫ್ ಎಂದು ಕರೆಯುವವರು ಖಾಸಗಿ ಕಂಪನಿಯವರು, ಅವರು ಬಂದು ಹೋದ ಖರ್ಚೂ ನಮ್ಮ ತಲೆಯ ಮೇಲೆಯೇ.

ಹದಿನೈದು ನಿಮಿಷದೊಳಗೆ ಕಾರ್ಡ್ ತಂದು ಅಷ್ಟೂ ಹಣ ಕಟ್ಟಿಬಿಟ್ಟೆ. ಇಂಗ್ಲೆಂಡ್ ಅಥವಾ ವೇಲ್ಸ್‌ನಲ್ಲಿ ಕಾರಿಟ್ಟುಕೊಂಡು, ಕೆಲಸ ಬದಲಾದಂತೆ ಮನೆಯನ್ನೂ ಬದಲಿಸುತ್ತಿರುವ ಕನ್ನಡಿಗರು ನಾನು ಮಾಡಿದ್ದನ್ನು ಮಾಡದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಆ ವಾರಾಂತ್ಯ ರೆಡಿಂಗ್‌ನ ಹಳೆಯ ಮನೆಗೆ ಹೋದಾಗ, ಈಗ ಅಲ್ಲಿರುವವರು ನನ್ನ ಹೆಸರಿಗೆ ಬಂದಿದ್ದ ಕಾಗದಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದರು. ರೈಲಿನಲ್ಲಿ ಕುಳಿತು ದಿನಾಂಕದ ಕ್ರಮದಲ್ಲಿ ಬಿಡಿಸಿದೆ. ಮೊದಲನೆಯದು, ಮೂವತ್ತು ಮೈಲಿ ಮಿತಿಯ ರಸ್ತೆಯಲ್ಲಿ ಮೂವತ್ತೇಳರ ವೇಗದಲ್ಲಿ ಹೋದ ಕಾರನ್ನು ಓಡಿಸುತ್ತಿದ್ದವರು ಯಾರೆಂದು 28 ದಿನಗಳೊಳಗೆ ತಿಳಿಸಬೇಕೆಂಬ ಪೊಲೀಸರ ಕಾಗದ. ಓಡಿಸುತ್ತಿದ್ದದ್ದು ನಾನೇ, ಕಾಗದ ಸಿಕ್ಕಿದ್ದರೆ ಅಂದೇ ಒಪ್ಪಿಕೊಳ್ಳುತ್ತಿದ್ದೆ. ಉತ್ತರ ಬಾರದ್ದರಿಂದ ಚಾಲಕನ ಹೆಸರು ತಿಳಿಸದ ಆರೋಪವೂ ಅತಿವೇಗದ ಆರೋಪದ ಜೊತೆ ಸೇರಿತ್ತು. ಆಮೇಲೆ ಸಿಂಗಲ್ ಜಸ್ಟಿಸ್ ಪ್ರೊಸೀಜರ್‌ನ ನೋಟಿಸು. ಸಣ್ಣ ಪ್ರಕರಣಗಳನ್ನು ಒಬ್ಬರೇ ಮ್ಯಾಜಿಸ್ಟ್ರೇಟರು, ಆರೋಪಿ ಎದುರಿಗಿಲ್ಲದೆ, ಕಾಗದಪತ್ರ ನೋಡಿ ತೀರ್ಮಾನಿಸುವ ಈ ಪದ್ಧತಿ 2015ರಲ್ಲಿ ಜಾರಿಗೆ ಬಂದದ್ದು. ನನ್ನ ಸಂಪಾದನೆಯ ವಿವರ ಅವರ ಮುಂದಿರಲಿಲ್ಲವಾದ್ದರಿಂದ, ಅಂಥವರಿಗೆ ಅನ್ವಯಿಸುವ ವಾರಕ್ಕೆ 440 ಪೌಂಡ್ ಎಂಬ ಲೆಕ್ಕ ಹಿಡಿದು, ಅದರ ಒಂದೂವರೆ ಪಟ್ಟು, ಅಂದರೆ 660 ಪೌಂಡ್ ದಂಡ ಹಾಕಿದ್ದರು. ಅದಕ್ಕೆ 66 ಪೌಂಡ್ ಸರ್‌ಚಾರ್ಜ್, 90 ಪೌಂಡ್ ಕೋರ್ಟು ಖರ್ಚು, ಒಟ್ಟು 816.

ಉಳಿದ 310 ಪೌಂಡ್ ಬೇಲಿಫರದು. ಈ ಶುಲ್ಕವನ್ನು ಅವರು ಮನಬಂದಂತೆ ಹೇರುವಂತಿಲ್ಲ. 2014ರ ನಿಯಮಗಳಲ್ಲಿ ಹಂತಗಳಿವೆ. ಕಡತ ಕಂಪನಿಯ ಕೈಸೇರಿದೊಡನೆ 75, ಮನೆಗೆ ಬಂದಾಗ 235, ವಸ್ತುಗಳನ್ನು ಹರಾಜಿಗೆ ಒಯ್ಯುವ ಹಂತದಲ್ಲಿ ಇನ್ನೂ 110 ಎಂಬುದು ಆಗಿನ ದರ. ಸಾಲ 1,500 ಪೌಂಡ್ ದಾಟಿದ್ದರೆ ಕೊನೆಯ ಎರಡು ಹಂತಗಳಲ್ಲಿ ಹೆಚ್ಚುವರಿ ಮೊತ್ತದ ಮೇಲೆ ಶೇಕಡ 7.5 ಕೂಡ ಆಗ ಸೇರುತ್ತಿತ್ತು. ಬಾಗಿಲಿಗೆ ಬರುವ ಮುನ್ನ ಏಳು ಪೂರ್ಣ ದಿನಗಳ ನೋಟಿಸು ಕೊಡಬೇಕು, ಭಾನುವಾರಗಳೂ ಬ್ಯಾಂಕ್ ರಜೆಗಳೂ ಅದರಲ್ಲಿ ಲೆಕ್ಕಕ್ಕಿಲ್ಲ. ಆ ಏಳು ದಿನಗಳೊಳಗೆ ಫೋನು ಮಾಡಿ ಕಂತು ಕಟ್ಟಲು ಒಪ್ಪಿದವರ ವಿಷಯ ಮೊದಲ ಹಂತದ ಶುಲ್ಕಕ್ಕೇ ನಿಲ್ಲಬಹುದು. ನನಗೆ ಕಳುಹಿಸಿದ ನೋಟಿಸು ಚೀಲದ ತಳದಲ್ಲಿತ್ತು.

ಇಷ್ಟಕ್ಕೂ ಮೂಲ ತಪ್ಪು ನನ್ನದೇ. ಮನೆ ಬದಲಿಸಿದ ವಾರದಲ್ಲೇ ಡ್ರೈವಿಂಗ್ ಲೈಸೆನ್ಸಿನ ವಿಳಾಸ ತಿದ್ದಿಸಿದ್ದೆ. ಕಾರಿನ ಲಾಗ್ ಬುಕ್ಕಿನ, ಅಂದರೆ ನೋಂದಣಿ ಪತ್ರದ, ವಿಳಾಸವೂ ಅದರೊಂದಿಗೇ ಬದಲಾಗುತ್ತದೆಂದು ನಂಬಿದ್ದೆ. ಬದಲಾಗುವುದಿಲ್ಲ. ಎರಡೂ ಒಂದೇ ಇಲಾಖೆಯಲ್ಲಿದ್ದರೂ ಬೇರೆಬೇರೆ ದಾಖಲೆಗಳು, ಎರಡನ್ನೂ ಪ್ರತ್ಯೇಕವಾಗಿ ತಿದ್ದಿಸಬೇಕು. ಕ್ಯಾಮೆರಾಗೆ ಸಿಕ್ಕ ಕಾರಿನ ಕಾಗದ ಹೋಗುವುದು ಲಾಗ್ ಬುಕ್ಕಿನ ವಿಳಾಸಕ್ಕೆ.

ಎರಡನೆಯ ತಪ್ಪು ಬಾಗಿಲಲ್ಲಿ ನಡೆದದ್ದು. ಕ್ಲ್ಯಾಂಪ್ ಹಾಕಿದ ವಾಹನವನ್ನು ಕನಿಷ್ಠ ಎರಡು ಗಂಟೆ ಅಲ್ಲೇ ಬಿಡಬೇಕೆಂಬ ನಿಯಮ ಗೊತ್ತಿದ್ದರೆ, ಆ ಹೊತ್ತಿನಲ್ಲಿ ವಾರಂಟನ್ನು ಓದಿ, ಪ್ರಕರಣದ ಸಂಖ್ಯೆ ಬರೆದುಕೊಂಡು, ಉಚಿತ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್‌ನಲ್ಲೋ ನ್ಯಾಷನಲ್ ಡೆಟ್‌ಲೈನ್‌ನಲ್ಲೋ ಏನು ಹೇಳುತ್ತಾರೆಂದು ಓದಬಹುದಿತ್ತು. ಆದರೆ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುವ ಎರಡು ಮಾತುಗಳನ್ನು ಮಾತ್ರ ನಂಬಬೇಡಿ. ಬಾಗಿಲು ತೆರೆಯದಿದ್ದರೆ ಬೇಲಿಫ್ ಏನೂ ಮಾಡಲಾರ ಎಂಬುದು ಕೌನ್ಸಿಲ್ ತೆರಿಗೆ, ಪಾರ್ಕಿಂಗ್ ಬಾಕಿಯಂಥವಕ್ಕೆ ಬಹುಮಟ್ಟಿಗೆ ಸರಿ. ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ದಂಡಕ್ಕಾದರೆ ಬಲವಂತವಾಗಿ ಒಳಹೋಗುವ ಅಧಿಕಾರ ಕಾನೂನಿನಲ್ಲೇ ಇದೆ, ಬಳಸುವುದು ಅಪರೂಪ ಅಷ್ಟೆ. ದಂಡವನ್ನು ನೇರವಾಗಿ ಕೋರ್ಟಿಗೆ ಕಟ್ಟಿಬಿಟ್ಟರೆ ಬೇಲಿಫರ ಶುಲ್ಕ ತಾನಾಗಿ ವಜಾ ಆಗುತ್ತದೆ ಎಂಬುದೂ ಸುಳ್ಳು.

ಪ್ರಕರಣದ ಸುಳಿವೇ ಇರದವರಿಗೆ ಇರುವ ದಾರಿ ಸ್ಟ್ಯಾಚುಟರಿ ಡಿಕ್ಲರೇಷನ್. ವಿಚಾರಣೆ ನಡೆದದ್ದು ನನಗೆ ತಿಳಿದಿರಲಿಲ್ಲವೆಂದು, ತಿಳಿದ ದಿನದಿಂದ 21 ದಿನಗಳೊಳಗೆ ಪ್ರಮಾಣ ಮಾಡಿ ಹೇಳಿದರೆ ಹಳೆಯ ತೀರ್ಪು ಅನೂರ್ಜಿತವಾಗಿ, ಪ್ರಕರಣ ಮೊದಲಿನಿಂದ ನಡೆಯುತ್ತದೆ. ನ್ಯಾಯಾಲಯದಲ್ಲಿ ಇದಕ್ಕೆ ಶುಲ್ಕವಿಲ್ಲ. ಸುಳ್ಳು ಪ್ರಮಾಣ ಮಾಡುವುದು ಮಾತ್ರ ಅಪರಾಧ. ಹತ್ತೊಂಬತ್ತನೆಯ ದಿನ ಬಾಡಿಗೆ ಕರಾರಿನ ಪ್ರತಿ ಹಿಡಿದುಕೊಂಡು ಹೋದೆ. ಒಳಗೆ ಹಿಡಿದದ್ದು ಐದೇ ನಿಮಿಷ. ಮುಂದೆ ಅತಿವೇಗದ ತಪ್ಪನ್ನು ಒಪ್ಪಿಕೊಂಡೆ, ಇನ್ನೊಂದು ಆರೋಪವನ್ನು ಪ್ರಾಸಿಕ್ಯೂಷನ್ನಿನವರು ಕೈಬಿಟ್ಟರು. ತಪ್ಪಿಗಾಗಿ ಲೈಸೆನ್ಸಿನ ಮೇಲೆ ಬಿದ್ದಿದ್ದ ಆರು ಪೆನಾಲ್ಟಿ ಪಾಯಿಂಟ್ ಮೂರಕ್ಕಿಳಿಯಿತು, ಕಟ್ಟಿದ್ದ 816 ಪೌಂಡ್ ಹಿಂದಕ್ಕೆ ಬಂದು ಅದಕ್ಕಿಂತ ಎಷ್ಟೋ ಸಣ್ಣ ದಂಡ ಬಿತ್ತು.

ಬೇಲಿಫರ 310 ಪೌಂಡಿನ ಜಗ್ಗಾಟ ಮಾತ್ರ ತಿಂಗಳುಗಟ್ಟಲೆ ನಡೆಯಿತು. ಅವರು ಬಂದ ದಿನ ವಾರಂಟು ಊರ್ಜಿತವಾಗಿತ್ತೆಂಬುದೇ ಕಂಪನಿಯ ಮೊದಲ ಉತ್ತರ. ಶುಲ್ಕದ ದಿನಾಂಕವಾರು ಲೆಕ್ಕ ಕೇಳಿ, ಅಂಚೆಯಲ್ಲಿ ಕಳುಹಿಸುವ ನೋಟಿಸು ಸಾಲಗಾರ ವಾಸವಿರುವ ಅಥವಾ ವ್ಯವಹಾರ ನಡೆಸುವ ಸ್ಥಳಕ್ಕೆ ಹೋಗಬೇಕೆಂಬ ನಿಯಮವನ್ನು ಕಾಣಿಸಿ, ನನ್ನ ಹೊಸ ಮನೆಯನ್ನು ಪತ್ತೆ ಹಚ್ಚಿದ ನೀವು ನೋಟಿಸನ್ನು ಮಾತ್ರ ಹಳೆಯ ಮನೆಗೇಕೆ ಹಾಕಿದಿರಿ ಎಂದು ಲಿಖಿತವಾಗಿ ಕೇಳಿದೆ. ಮೂರನೆಯ ಪತ್ರದ ನಂತರ 235 ಪೌಂಡ್ ಖಾತೆಗೆ ಬಂತು. 75 ಪೌಂಡನ್ನು ಅವರು ಹಿಂದಿರುಗಿಸಲಿಲ್ಲ.